ಕೊನೇ ಐದು ನಿಮಿಷದಲ್ಲಿ ಎಲ್ಲರೂ ಯಾಕೆ ತಪ್ಪೊಪ್ಪಿಕೊಳ್ಳುತ್ತಾರೆ?

ತೊಗರಿಹೊಲ, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ತಾಳ್ಮೆಯಿಂದ ಓದಿ.

ನಮ್ಮ ಮನೆಯಲ್ಲಿ ಕ್ರೈಂ ಸೀರಿಯಲ್ ನೋಡುವುದು ಇವತ್ತು ನಿನ್ನೆಯದಲ್ಲ. ನಾನು ಸಣ್ಣವನಿದ್ದಾಗ ಶಾಬಜಾರಿನ ಮನೆಯಲ್ಲಿ ಸಿಐಡಿ ಶುರುವಾದರೆ ಪಕ್ಕದ ಮನೆಯವರೂ ಬಂದು ಚಾಪೆಯ ಮೇಲೆ ಕೂರುತ್ತಿದ್ದರು. 1998ರಲ್ಲಿ ಶುರುವಾದ ಕಾರ್ಯಕ್ರಮ ಅದು. 2018ರಲ್ಲಿ ನಿಲ್ಲುವ ಹೊತ್ತಿಗೆ ಒಂದೂವರೆ ಸಾವಿರಕ್ಕೂ ಜಾಸ್ತಿ ಕಂತು ಮುಗಿದಿದ್ದವು. 2024ರ ಡಿಸೆಂಬರಿನಲ್ಲಿ ಮತ್ತೆ ಬಂತು. ನಮ್ಮ ಕಡೆ ಹಿಂದಿ, ದಖನಿ ಎಲ್ಲರ ಕಿವಿಗೂ ಬಿದ್ದಿರುತ್ತದೆ. ಹಾಗಾಗಿ ಕನ್ನಡದಲ್ಲಿ ಇಲ್ಲದಿದ್ದರೂ ನಮ್ಮ ಅಜ್ಜಿಗೆ ಒಂದು ಮಾತೂ ತಪ್ಪುತ್ತಿರಲಿಲ್ಲ. ಅದರಲ್ಲಿನ ಇನ್‌ಸ್ಪೆಕ್ಟರ್ ದಯಾ ಬಾಗಿಲ ಹತ್ತಿರ ಬಂದ ಅಂದರೆ ಅಜ್ಜಿ ಚಹಾದ ಬಟ್ಟಲು ಕೆಳಗಿಟ್ಟು ನೇರ ಕೂರುತ್ತಿದ್ದಳು. ಬಾಗಿಲು ಒಡೆಯುತ್ತಾನೆ ಅಂತ ಗೊತ್ತು. ಗೊತ್ತಿದ್ದಕ್ಕೇ ಖುಷಿ. ಹಬ್ಬದಲ್ಲಿ ತೇರು ಎಳೆಯುತ್ತಾರೆ ಅಂತ ಗೊತ್ತಿದ್ದೂ ನೋಡಲು ಹೋಗುತ್ತೇವಲ್ಲ, ಹಾಗೆ.

ಆದ್ದರಿಂದ ಈ ಕಥೆಗಳಲ್ಲಿ ಪ್ರತಿ ಸಲ ಅದೇ ಬರುತ್ತದೆ ಅನ್ನುವುದು ನನ್ನ ದೂರಲ್ಲ. ಲ್ಯಾಬಿನ ಡಾಕ್ಟರು ಅದೇ ಮಾತು ಹೇಳಲಿ. ಮೊದಲು ಅನುಮಾನ ಬಂದವನು ನಿರಪರಾಧಿ ಆಗಲಿ. ಸುಮ್ನೆ ನೀರು ಕೊಡಲು ಬಂದವನೇ ಕೊಲೆಗಾರ ಆಗಲಿ. ಇವೆಲ್ಲ ನನಗೆ ಇಷ್ಟ.

ನನ್ನ ತೊಂದರೆ ಒಂದೇ ಒಂದು ದೃಶ್ಯದ ಬಗ್ಗೆ. ಕೊನೆಯಲ್ಲಿ ಒಂದು ಕೋಣೆ. ಕುರ್ಚಿ. ಮೇಲೆ ಒಂದು ದೀಪ. ಅಧಿಕಾರಿ ಒಂದು ಏಟು ಕೊಡುತ್ತಾರೆ. ಅವನು ಒಂದೇ ಉಸಿರಿಗೆ ಎಲ್ಲ ಹೇಳಿಬಿಡುತ್ತಾನೆ. ಕೇಸು ಮುಗಿಯಿತು.

ಹೋದ ತಿಂಗಳು ನಮ್ಮ ಓಣಿಯಲ್ಲಿ ಒಂದು ಸೈಕಲ್ ಕಾಣೆಯಾಯಿತು. ಹೊಸ ಸೈಕಲ್. ಓಣಿಯ ಕೊನೆಯಲ್ಲಿ ಕೂಲಿ ಮಾಡುವವರ ಮನೆ ಇದೆ, ಅವರ ಹುಡುಗ ಹಿಂದಿನ ದಿನ ಅದನ್ನು ಮುಟ್ಟಿ ನೋಡಿದ್ದನಂತೆ. ನಾಲ್ಕು ಜನ ದೊಡ್ಡವರು ಅವನನ್ನು ಹಿಡಿದು ಕೂರಿಸಿ ಕೇಳಿದರು. ಮೊದಲು ಇಲ್ಲ ಅಂದ. ಎರಡು ಏಟು ಬಿದ್ದವು. ಮೂರನೆಯದಕ್ಕೆ ಹೌದು ಅಂದ. ಎಲ್ಲಿ ಇಟ್ಟೆ ಅಂದರೆ ಕೋಟೆಯ ಕಂದಕದ ಹತ್ತಿರ ಅಂದ. ಎಲ್ಲರೂ ಹೋಗಿ ಹುಡುಕಿದರು, ಇಲ್ಲ. ಸಂಜೆ ಸೈಕಲ್ ಮಾಲೀಕರ ತಮ್ಮನೇ ಅದನ್ನು ತಳ್ಳಿಕೊಂಡು ಬಂದರು. ಪಂಕ್ಚರ್ ಹಾಕಿಸಲು ಒಯ್ದಿದ್ದರು, ಹೇಳಿರಲಿಲ್ಲ.

ನನ್ನ ಅಕ್ಕನ ಮಗನಿಗೆ ಹತ್ತು ವರ್ಷ. ಅವನು ಇಡೀ ಹೊತ್ತು ಅಲ್ಲೇ ನಿಂತಿದ್ದ. ರಾತ್ರಿ ಕೇಳಿದ: "ಮಾಮಾ, ಅವನು ತಗೊಂಡೇ ಇರಲಿಲ್ಲ. ಮತ್ತೆ ಹೌದು ಅಂತ ಯಾಕೆ ಅಂದ? ಟಿವಿಯಲ್ಲಿ ಹೊಡೆದರೆ ಖರೆ ಹೇಳ್ತಾರಲ್ಲ?"

ನನಗೆ ಉತ್ತರ ಬರಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಈ ದೃಶ್ಯ ಎಲ್ಲಿಂದ ಬಂತು? ಇದಿಲ್ಲದೆ ಕ್ರೈಂ ಕಥೆ ಮುಗಿಯುವುದೇ ಇಲ್ಲವಾ?

ಜೋಳದತೆನೆ, ಚಿತ್ತಾಪುರ:

ಆ ಹುಡುಗನ ಹತ್ತಿರ ಯಾರಾದರೂ ಹೋಗಿ ಮಾತಾಡಿದರಾ?

ತೊಗರಿಹೊಲ, ಕಲಬುರಗಿ:

ನಾನು ಮತ್ತು ಅಕ್ಕ ಹೋಗಿದ್ದೆವು. ಅವನ ತಾಯಿ ಬಾಗಿಲಲ್ಲೇ ನಿಂತಿದ್ದರು. ಒಳಗೆ ಬನ್ನಿ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಎರಡನೇಪ್ರತಿ, ಬೆಂಗಳೂರು (ಊರು ಆಳಂದ):

ಅಣ್ಣಾ, ಆ ದೃಶ್ಯ ಎಲ್ಲಿಂದ ಬಂತು ಅಂತ ನಾನು ಹೇಳಬಲ್ಲೆ. ಒಂದು ವರ್ಷ ಇಲ್ಲಿ ಒಂದು ಕ್ರೈಂ ಕಾರ್ಯಕ್ರಮಕ್ಕೆ ಸಂಭಾಷಣೆ ಬರೆದಿದ್ದೇನೆ. ಚಾನೆಲ್ ಹೆಸರು ಬೇಡ.

ಮೊದಲನೆಯ ಕಾರಣ ದುಡ್ಡು. ಠಾಣೆಯ ಸೆಟ್ ಒಂದಿರುತ್ತದೆ, ಮೊದಲ ದಿನವೇ ಹಾಕಿದ್ದು. ಕೋರ್ಟ್ ತೋರಿಸಬೇಕು ಅಂದರೆ ಇನ್ನೊಂದು ಸೆಟ್, ಜಡ್ಜ್, ಇಬ್ಬರು ವಕೀಲರು, ಹಿಂದೆ ಕೂರುವ ಇಪ್ಪತ್ತು ಜನ, ಅವರ ಊಟ. ತಪ್ಪೊಪ್ಪಿಗೆ ಅದೇ ಠಾಣೆಯಲ್ಲಿ ಇಬ್ಬರು ನಟರಲ್ಲಿ ಮುಗಿಯುತ್ತದೆ. ಅರ್ಧ ದಿನದ ಚಿತ್ರೀಕರಣ.

ಎರಡನೆಯದು ಇನ್ನೂ ದೊಡ್ಡ ಕಾರಣ. ತಪ್ಪೊಪ್ಪಿಗೆ ಅಂದರೆ ಫ್ಲ್ಯಾಶ್‌ಬ್ಯಾಕಿಗೆ ಬಾಗಿಲು. ಅವನು "ಆ ರಾತ್ರಿ" ಅಂತ ಬಾಯಿ ತೆಗೆದರೆ ಸಾಕು, ಕೊಲೆಯನ್ನು ಪೂರ್ತಿ ತೋರಿಸಬಹುದು. ನೋಡುವವರು ಇಷ್ಟು ಹೊತ್ತು ಕಾದದ್ದು ಅದಕ್ಕೇ. ಯಾರು ಮಾಡಿದರು ಅನ್ನುವುದರ ಜೊತೆ ಹೇಗೆ, ಯಾಕೆ ಅನ್ನುವುದೂ ಕಣ್ಣಿಗೆ ಕಾಣಬೇಕು. ಸಾಕ್ಷ್ಯ ಇದನ್ನು ಕೊಡುವುದಿಲ್ಲ. ಸಾಕ್ಷ್ಯ ಚೂರು ಚೂರು. ತಪ್ಪೊಪ್ಪಿಗೆ ಮಾತ್ರ ಇಡೀ ಕಥೆ.

ನೀರು ಕೊಡಲು ಬಂದವನೇ ಕೊಲೆಗಾರ ಆಗುವುದಕ್ಕೂ ಕಾರಣ ಇದೆ. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ ಪತ್ತೇದಾರಿ ಕಥೆಗೆ ಹತ್ತು ನಿಯಮ ಬರೆದರು. ಮೊದಲನೆಯದೇ ಇದು: ಅಪರಾಧಿ ಕಥೆಯ ಶುರುವಿನಲ್ಲೇ ಕಾಣಿಸಿಕೊಂಡಿರಬೇಕು. ಕೊನೆಗೆ ಎಲ್ಲಿಂದಲೋ ಒಬ್ಬನನ್ನು ತಂದು ಇವನೇ ಅನ್ನುವುದು ಓದುಗನಿಗೆ ಮೋಸ. ಹತ್ತನೆಯ ನಿಯಮ ಅವಳಿಗಳ ಬಗ್ಗೆ. ಮೊದಲೇ ಸುಳಿವು ಕೊಡದೆ ಅವಳಿ ಅಣ್ಣತಮ್ಮಂದಿರನ್ನು ತರಬಾರದು ಅಂತ. ನಮ್ಮ ತಂಡದಲ್ಲಿ ಈ ಹತ್ತನೆಯದನ್ನು ವಾರಕ್ಕೊಮ್ಮೆ ಮುರಿಯುತ್ತಿದ್ದರು, ನನಗೆ ಬೇಜಾರಾಗುತ್ತಿತ್ತು.

ನಾನು ಒಂದು ಕಂತಿನಲ್ಲಿ ತಪ್ಪೊಪ್ಪಿಗೆ ತೆಗೆದು ಬರೆದೆ. ಆರೋಪಿ ಕೊನೆಯವರೆಗೂ ಸುಮ್ಮನಿರುತ್ತಾನೆ. ಅವನ ಅಂಗಿಯ ಗುಂಡಿ ಮಾತಾಡುತ್ತದೆ. ಓದಿ ನೋಡಿ, "ಜನಕ್ಕೆ ತೃಪ್ತಿ ಆಗಲ್ಲ" ಅಂತ ವಾಪಸ್ ಕೊಟ್ಟರು. ಆಮೇಲೆ ಬೇರೆ ಯಾರೋ ಕೊನೆಯ ಎರಡು ಪುಟ ಬರೆದರು. ಪರದೆಯ ಮೇಲೆ ಅದೇ ಕುರ್ಚಿ, ಅದೇ ಏಟು.

ಕಪ್ಪುಕೋಟು, ಕಲಬುರಗಿ:

ಈ ಚರ್ಚೆ ಶುರು ಮಾಡಿದ್ದಕ್ಕೆ ತೊಗರಿಹೊಲ ಅವರಿಗೆ ಧನ್ಯವಾದ. ನಾನು ಇಲ್ಲೇ ವಕೀಲಿ ಮಾಡುತ್ತೇನೆ. ಜಿಲ್ಲಾ ಕೋರ್ಟು, ಆಗಾಗ ಹೈಕೋರ್ಟು. ನಮ್ಮ ಊರಿನ ಹೈಕೋರ್ಟ್ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆಯಿತು. ಅದಕ್ಕೂ ಮುಂಚೆ ಮೇಲ್ಮನವಿಗೆ ಬೆಂಗಳೂರಿಗೆ ರಾತ್ರಿ ಬಸ್ಸು ಹಿಡಿಯುತ್ತಿದ್ದ ಕಕ್ಷಿದಾರರನ್ನು ನೋಡಿದವನು ನಾನು.

ನಿಮ್ಮ ಅಕ್ಕನ ಮಗನಿಗೆ ಹೇಳಿ: ಅವನಿಗೆ ಬಂದ ಪ್ರಶ್ನೆ 1872ರಲ್ಲೇ ಕಾನೂನು ಬರೆದವರಿಗೂ ಬಂದಿತ್ತು. ಆ ವರ್ಷದ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ, ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಾಗಿ ಬಳಸುವಂತಿಲ್ಲ. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ, ಭಾರತೀಯ ಸಾಕ್ಷ್ಯ ಅಧಿನಿಯಮ. ಅದರ 23ನೇ ಕಲಮಿನಲ್ಲೂ ಇದೇ ಇದೆ. ಬ್ರಿಟಿಷರ ಕಾಲದ ಸರ್ಕಾರಕ್ಕೇ ತನ್ನ ಠಾಣೆಯ ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿತ್ತು.

ಅಂದರೆ ಟಿವಿಯಲ್ಲಿ ಯಾವ ಕ್ಷಣದಲ್ಲಿ ಕೇಸು ಮುಗಿಯಿತೋ, ನಮ್ಮ ಕೋರ್ಟಿನಲ್ಲಿ ಆ ಕ್ಷಣಕ್ಕೆ ಬೆಲೆಯೇ ಇಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ.

ಒಂದು ಸಣ್ಣ ಕಿಂಡಿ ಇದೆ. ಆರೋಪಿ "ಕೊಡಲಿಯನ್ನು ಇಂಥ ಬಾವಿಗೆ ಎಸೆದಿದ್ದೇನೆ" ಅಂತ ಹೇಳಿ, ಹೋಗಿ ನೋಡಿದರೆ ಅಲ್ಲಿ ಕೊಡಲಿ ಸಿಕ್ಕರೆ, ಆ ಸಿಕ್ಕಿದ್ದಕ್ಕೆ ಸಂಬಂಧಪಟ್ಟ ಮಾತು ಮಾತ್ರ ಒಪ್ಪುತ್ತಾರೆ. "ಇದರಿಂದಲೇ ಹೊಡೆದೆ" ಅನ್ನುವ ಮಾತು ಒಪ್ಪುವುದಿಲ್ಲ. ನಿಮ್ಮ ಓಣಿಯ ಹುಡುಗನ ವಿಷಯವನ್ನೇ ತೆಗೆದುಕೊಳ್ಳಿ. ಅವನು ಹೌದು ಅಂದ. ಕಂದಕದ ಹತ್ತಿರ ಅಂದ. ಅಲ್ಲಿ ಸೈಕಲ್ ಸಿಗಲಿಲ್ಲ. ಇದು ಠಾಣೆಯಲ್ಲಿ ನಡೆದಿದ್ದರೆ ಕಾನೂನಿನ ಪ್ರಕಾರ ಅವನ ಮಾತು ಅಲ್ಲಿಗೇ ಬಿದ್ದುಹೋಗುತ್ತಿತ್ತು.

ಮ್ಯಾಜಿಸ್ಟ್ರೇಟರ ಮುಂದೆ ತಪ್ಪೊಪ್ಪಿಕೊಳ್ಳಬಹುದು. ಆದರೆ ಅವರು ಮೊದಲೇ ಎಚ್ಚರಿಸಬೇಕು: ನೀನು ಹೇಳಲೇಬೇಕು ಅಂತ ಇಲ್ಲ, ಹೇಳಿದರೆ ನಿನ್ನ ವಿರುದ್ಧ ಬಳಸಬಹುದು ಅಂತ. ಈ ಎಚ್ಚರಿಕೆಯ ದೃಶ್ಯವನ್ನು ನಾನು ಯಾವ ಸೀರಿಯಲ್ಲಿನಲ್ಲೂ ನೋಡಿಲ್ಲ. ಅದರಲ್ಲಿ ಎಷ್ಟು ನಾಟಕ ಇದೆ ಯೋಚಿಸಿ. ಒಬ್ಬ ಮನುಷ್ಯ, ಎದುರಿಗೆ ಒಬ್ಬ ಅಪರಿಚಿತ ಅಧಿಕಾರಿ, ಪೊಲೀಸರು ಹೊರಗೆ. ಬೇಡ ಅಂದರೆ ಬೇಡ ಅಂತ ಅವನಿಗೆ ಮೊದಲ ಸಲ ಯಾರೋ ಹೇಳುತ್ತಿದ್ದಾರೆ.

ಸುಳ್ಳು ಪತ್ತೆ ಯಂತ್ರ, ಮಂಪರು ಪರೀಕ್ಷೆ ಇವೂ ಟಿವಿಯಲ್ಲಿ ಭಾಳ. ಸೆಲ್ವಿ ವರ್ಸಸ್ ಕರ್ನಾಟಕ ರಾಜ್ಯ ಅಂತ ನಮ್ಮ ರಾಜ್ಯದ ಹೆಸರಿರುವ ಪ್ರಕರಣದಲ್ಲೇ ಸುಪ್ರೀಂ ಕೋರ್ಟು 2010ರಲ್ಲಿ ಹೇಳಿದೆ, ಒಪ್ಪಿಗೆ ಇಲ್ಲದೆ ಇವನ್ನು ಮಾಡುವಂತಿಲ್ಲ.

ಕೋರ್ಟ್ ತೋರಿಸಿದರೆ ಜನ ನೋಡಲ್ಲ ಅನ್ನುವುದನ್ನು ಒಪ್ಪಲಾರೆ. ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳಲ್ಲಿ ವಕೀಲ ಸಿಎಸ್‌ಪಿ ಪಾಟೀಸವಾಲಿಗೆ ಏಳುವುದನ್ನು ನೋಡಲು ಊರಿಗೆ ಊರೇ ಕಾಯುತ್ತಿತ್ತು. ಅಮೆರಿಕದಲ್ಲಿ 1990ರಲ್ಲಿ ಶುರುವಾದ ಲಾ ಅಂಡ್ ಆರ್ಡರ್ ಪ್ರತಿ ಕಂತನ್ನೂ ಎರಡು ಭಾಗ ಮಾಡಿತು. ಮೊದಲರ್ಧ ಪೊಲೀಸರು, ಎರಡನೇ ಅರ್ಧ ಸರ್ಕಾರಿ ವಕೀಲರು. ಆರೋಪಿಯನ್ನು ಹಿಡಿದಾಗ ಕಥೆ ಇನ್ನೂ ಅರ್ಧ ಬಾಕಿ. ಹಿಡಿದದ್ದು ಸರಿಯಾ ಅನ್ನುವುದೇ ಅಲ್ಲಿ ಮುಂದಿನ ಕಥೆ.

ಒಂದು ಸಣ್ಣ ಮಾತು, ವಿಷಯ ಬಂತು ಅಂತ ಹೇಳುತ್ತೇನೆ. ನಮ್ಮ ನ್ಯಾಯಾಧೀಶರು ಮರದ ಸುತ್ತಿಗೆ ಕುಟ್ಟುವುದಿಲ್ಲ. ಸಾಕ್ಷಿಯ ಕೈಗೆ ಭಗವದ್ಗೀತೆ ಕೊಡುವುದಿಲ್ಲ. 1969ರ ಪ್ರಮಾಣ ಕಾಯ್ದೆಯಲ್ಲಿ ದೇವರ ಹೆಸರಿನಲ್ಲಿ ಅಥವಾ ಸತ್ಯನಿಷ್ಠೆಯಿಂದ ಪ್ರಮಾಣ ಮಾಡಿದರೆ ಸಾಕು. ಹಳ್ಳಿಯಿಂದ ಬಂದ ಸಾಕ್ಷಿಗಳು ಕಟಕಟೆಯಲ್ಲಿ ನಿಂತು ಗ್ರಂಥ ಎಲ್ಲಿ ಅಂತ ನೋಡುತ್ತಾರೆ. ಟಿವಿ ಕಲಿಸಿದ್ದು.

ಶವಾಗಾರದದೀಪ, ಬೀದರ್:

ನಾನು ವಿಧಿವಿಜ್ಞಾನ ವೈದ್ಯಶಾಸ್ತ್ರ ಓದುತ್ತಿದ್ದೇನೆ. ಮರಣೋತ್ತರ ಪರೀಕ್ಷೆ ದಿನದ ಕೆಲಸ. ತಪ್ಪೊಪ್ಪಿಗೆ ಬಿಟ್ಟರೆ ಟಿವಿ ನಂಬಿಸುವ ಎರಡನೆಯ ದೊಡ್ಡ ವಿಷಯ ನಮ್ಮದೇ ಅನ್ನಿಸುತ್ತದೆ. ಡಾಕ್ಟರು ಶವ ನೋಡುತ್ತಾರೆ, "ಸಾವು ರಾತ್ರಿ ಒಂಬತ್ತೂಕಾಲಿಂದ ಒಂಬತ್ತೂವರೆ ಒಳಗೆ" ಅನ್ನುತ್ತಾರೆ.

ನಮ್ಮ ಕಡೆಯ ಬೇಸಿಗೆಯಲ್ಲಿ ಇದು ಎಷ್ಟು ಕಷ್ಟ ಅಂತ ಹೇಳುತ್ತೇನೆ. ಸತ್ತ ದೇಹ ನಿಧಾನಕ್ಕೆ ತಣ್ಣಗಾಗುತ್ತದೆ, ಎಷ್ಟು ತಣ್ಣಗಾಗಿದೆ ಅನ್ನುವುದರಿಂದ ಹೊತ್ತು ಲೆಕ್ಕ ಹಾಕುತ್ತಾರೆ. ಇದು ತಂಪು ದೇಶದಲ್ಲಿ ಚೆನ್ನಾಗಿ ಕೂಡುವ ಲೆಕ್ಕ. ಬದುಕಿರುವ ದೇಹ ಸುಮಾರು 37 ಡಿಗ್ರಿ. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಹೊರಗೆ 40 ದಾಟಿರುತ್ತದೆ. ಹೊಲದಲ್ಲಿ ಬಿದ್ದ ದೇಹ ತಣ್ಣಗಾಗುವುದಾದರೂ ಹೇಗೆ? ಸೆಟೆದುಕೊಳ್ಳುವುದೂ ಬೇಗ, ಸಡಿಲಾಗುವುದೂ ಬೇಗ, ಕೊಳೆಯುವುದೂ ಬೇಗ. ನಾವು ಗಂಟೆ ನಿಮಿಷ ಹೇಳುವುದಿಲ್ಲ. ಇಷ್ಟರಿಂದ ಇಷ್ಟರ ಒಳಗೆ ಇರಬಹುದು ಅಂತ ಅಗಲವಾದ ಅಂದಾಜು ಕೊಡುತ್ತೇವೆ. ಮನೆಯವರು "ಟಿವಿಯಲ್ಲಿ ನಿಮಿಷ ಹೇಳ್ತಾರಲ್ರೀ" ಅನ್ನುತ್ತಾರೆ. ಸಿಟ್ಟಿನಿಂದ ಅಲ್ಲ, ದುಃಖದಿಂದ. ಅವರಿಗೆ ಕೊನೆಯ ಕ್ಷಣ ಯಾವುದು ಅಂತ ಗೊತ್ತಾಗಬೇಕಿರುತ್ತದೆ.

ಬಾಯಲ್ಲಿ ನೊರೆ ಬಂದರೆ ವಿಷ ಅನ್ನುವುದೂ ಅಷ್ಟೇ. ನೀರಿನಲ್ಲಿ ಮುಳುಗಿದವರ ಬಾಯಲ್ಲೂ ನೊರೆ ಇರುತ್ತದೆ. ವಿಷ ಅಂತ ಅನುಮಾನ ಬಂದರೆ ಹೊಟ್ಟೆ, ಲಿವರ್, ಕಿಡ್ನಿಯ ಭಾಗಗಳನ್ನು ಗಟ್ಟಿ ಉಪ್ಪುನೀರಿನಲ್ಲಿ ಹಾಕಿ, ಸೀಲ್ ಮಾಡಿ ಎಫ್‌ಎಸ್‌ಎಲ್‌ಗೆ, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಕಳಿಸುತ್ತೇವೆ. ನಮ್ಮ ಭಾಗಕ್ಕೆ ಕಲಬುರಗಿಯಲ್ಲಿ ಪ್ರಾದೇಶಿಕ ಪ್ರಯೋಗಾಲಯ ಇದೆ. ಆದರೂ ವರದಿ ಜಾಹೀರಾತು ಮುಗಿಯುವಷ್ಟರಲ್ಲಿ ಬರುವುದಿಲ್ಲ. ವಾರಗಳು, ಕೆಲವೊಮ್ಮೆ ತಿಂಗಳುಗಳು.

ಅಮೆರಿಕದಲ್ಲಿ 2000ದಲ್ಲಿ ಲ್ಯಾಬಿನ ತನಿಖೆ ತೋರಿಸುವ ಸಿಎಸ್‌ಐ ಸರಣಿ ಬಂದ ಮೇಲೆ ಅಲ್ಲಿನ ಜ್ಯೂರಿಗಳು (ತೀರ್ಪು ಹೇಳಲು ಕೂರುವ ಸಾಮಾನ್ಯ ಜನ) ಪ್ರತಿ ಕೇಸಿನಲ್ಲೂ ಡಿಎನ್‌ಎ ಕೇಳುತ್ತಾರೆ ಅಂತ ವಕೀಲರು ದೂರಿದರು. ಅದಕ್ಕೆ ಸಿಎಸ್‌ಐ ಪರಿಣಾಮ ಅಂತಲೇ ಹೆಸರು ಬಂತು. ಅದು ಎಷ್ಟು ನಿಜ ಅನ್ನುವ ವಾದ ಇನ್ನೂ ನಡೆದಿದೆ. ನನಗೆ ಮಾತ್ರ ಅದರಲ್ಲಿ ಒಂದು ಒಳ್ಳೆಯದೂ ಕಾಣುತ್ತದೆ. ಜನ ಏಟಿನ ಬದಲು ರುಜುವಾತು ಕೇಳಲು ಕಲಿತರೆ ಕೇಳಲಿ. ಅದಕ್ಕೆ ಹೊತ್ತು ಹಿಡಿಯುತ್ತದೆ ಅಂತಲೂ ತೋರಿಸಿದರೆ ಆಯಿತು.

ಹಮಾಲಿ, ಕಲಬುರಗಿ:

ಎಲ್ಲರೂ ಓದಿದವರು, ಚೆನ್ನಾಗಿ ಬರೆದಿದ್ದೀರಿ. ನಾನು ದಾಲ್ ಮಿಲ್ಲಿನಲ್ಲಿ ಚೀಲ ಹೊರುವವನು. ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ನಮ್ಮ ಅಣ್ಣ ಸತ್ತು ಏಳು ವರ್ಷ ಆಯಿತು. ಹೊಲದ ಬದುವಿನ ಜಗಳ. ಯಾರು ಮಾಡಿದರು ಅಂತ ಊರಿಗೆಲ್ಲ ಗೊತ್ತು. ನೋಡಿದವರು ಮೂರು ಜನ. ಕೋರ್ಟಿನಲ್ಲಿ ಇಬ್ಬರು ಉಲ್ಟಾ ಹೊಡೆದರು. ನಾವು ಕಂಡಿಲ್ಲ, ಪೊಲೀಸರು ಬರೆದುಕೊಂಡದ್ದು ನಮಗೆ ಗೊತ್ತಿಲ್ಲ ಅಂದರು. ಅವರಿಗೂ ಹೆಂಡತಿ ಮಕ್ಕಳು ಇದ್ದಾರೆ. ನನಗೆ ಅವರ ಮೇಲೆ ಈಗ ಸಿಟ್ಟಿಲ್ಲ. ಆದರೆ ಕೇಸು ಇನ್ನೂ ನಡೆದಿದೆ. ತಾರೀಕು ಬಂದಾಗ ಒಂದು ದಿನದ ಕೂಲಿ ಬಿಟ್ಟು ಹೋಗುತ್ತೇನೆ. ಮುಂದಿನ ತಾರೀಕು ಬರೆದುಕೊಂಡು ಬರುತ್ತೇನೆ.

ರಾತ್ರಿ ಮನೆಗೆ ಬಂದು ಟಿವಿ ಹಾಕಿದರೆ ಮುಕ್ಕಾಲು ಗಂಟೆಯಲ್ಲಿ ತಪ್ಪು ಮಾಡಿದವನು ತಲೆ ತಗ್ಗಿಸಿ "ಹೌದು, ನಾನೇ ಮಾಡಿದೆ" ಅನ್ನುತ್ತಾನೆ. ಅದು ಸುಳ್ಳು ಅಂತ ನನಗೆ ಗೊತ್ತು. ನಿಮಗಿಂತ ಚೆನ್ನಾಗಿ ಗೊತ್ತು. ಆದರೂ ಆ ಮಾತು ಕೇಳಬೇಕು ಅನ್ನಿಸುತ್ತದೆ. ನಮ್ಮ ಅವ್ವನಿಗೂ ಅದೊಂದೇ ಮಾತು ಬೇಕಿತ್ತು. ಕೇಳದೇ ಹೋದಳು.

ಆ ದೃಶ್ಯ ತೆಗೆದರೆ ನಮ್ಮಂಥವರಿಗೆ ಅದರ ಜಾಗದಲ್ಲಿ ಏನು ಕೊಡುತ್ತೀರಿ?

ತೊಗರಿಹೊಲ, ಕಲಬುರಗಿ:

ಅಣ್ಣಾ, ನಿಮ್ಮ ಮಾತು ಓದಿ ಭಾಳ ಹೊತ್ತು ಸುಮ್ಮನೆ ಕೂತಿದ್ದೆ. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಆ ದೃಶ್ಯ ಏಟಿನ ದೃಶ್ಯ ಅಂತ ಮಾತ್ರ ಅಂದುಕೊಂಡಿದ್ದೆ. ನಿಮಗೆ ಬೇಕಾದದ್ದು ಏಟಲ್ಲ, ಆ ಒಂದು ಮಾತು.

ಕಪ್ಪುಕೋಟು, ಕಲಬುರಗಿ:

ಅಣ್ಣಾ, ನಿಮ್ಮ ಕೇಸಿನ ಕಾಗದ ಒಮ್ಮೆ ನನಗೆ ತೋರಿಸಬಹುದು. ಒಂದು ಸಾಕ್ಷಿ ಗಟ್ಟಿಯಾಗಿ ನಿಂತರೂ ಸಾಕಾಗಬಹುದು. ಎಷ್ಟು ಸಾಕ್ಷಿಗಳು ಅಂತ ಕಾನೂನು ಲೆಕ್ಕ ಇಟ್ಟಿಲ್ಲ. ಖಾಸಗಿಯಾಗಿ ಸಂದೇಶ ಕಳಿಸಿದ್ದೇನೆ. ಫೀಸಿನ ಮಾತು ಬೇಡ.

ನಿವೃತ್ತ ರೈಟರ್, ಯಾದಗಿರಿ:

ಮಕ್ಕಳೇ, ನಾನು ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತನಾದವನು. ಠಾಣೆಯಲ್ಲಿ ಜಾಸ್ತಿ ವರ್ಷ ರೈಟರ್ ಕೆಲಸ ಮಾಡಿದೆ. ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ.

ಸಾವಿರ ಕ್ರೈಂ ಸೀರಿಯಲ್ ಬಂದಿವೆ. ಒಂದರಲ್ಲಾದರೂ ಠಾಣೆ ರೈಟರನ್ನು ನೋಡಿದ್ದೀರಾ? ಇನ್‌ಸ್ಪೆಕ್ಟರು ಇರುತ್ತಾರೆ, ಕಂಪ್ಯೂಟರ್ ಹುಡುಗಿ ಇರುತ್ತಾಳೆ, ನಾಯಿ ಇರುತ್ತದೆ. ಬರೆಯುವವನು ಇಲ್ಲ. ಆದರೆ ಕೇಸು ಬದುಕುವುದೂ ಸಾಯುವುದೂ ಬರವಣಿಗೆಯಲ್ಲೇ.

ಏಟಿನ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ನಾನು ಕಂಡಿದ್ದೇನೆ. ಕಂಡಿಲ್ಲ ಅಂದರೆ ಸುಳ್ಳು. ಏಟು ತಿಂದವನು ಹೊಡೆಯುವವನಿಗೆ ಏನು ಬೇಕೋ ಅದನ್ನು ಹೇಳುತ್ತಾನೆ. ಒಂದು ಎಮ್ಮೆ ಕಳುವಿನಲ್ಲಿ ಒಬ್ಬನೇ ಮನುಷ್ಯ ಒಂದೇ ರಾತ್ರಿ ಮೂರು ಊರಿನ ಹೆಸರು ಹೇಳಿದ. ಮೂರೂ ಕಡೆ ಎಮ್ಮೆ ಇರಲಿಲ್ಲ. ಬೆಳಿಗ್ಗೆ ಸಂತೆಯ ದಲ್ಲಾಳಿಯ ಚೀಟಿ ಪುಸ್ತಕ ನೋಡಿದಾಗ ಬೇರೆಯವನೇ ಸಿಕ್ಕಿದ. ರಾತ್ರಿಯ ಮೂರು ಊರು ದಂಡ, ಬೆಳಗಿನ ಒಂದು ಚೀಟಿ ಲಾಭ. ಆ ಮನುಷ್ಯನ ಮುಖ ಈಗಲೂ ನೆನಪಿದೆ. ನಾನು ಅವತ್ತು ತಡೆಯಲಿಲ್ಲ.

ಈಗ ಬರವಣಿಗೆ. ಒಂದು ಕೊಲೆ ಕೇಸು, ಊರು ಠಾಣೆ ಬೇಡ. ಪಂಚರು ಅಂದರೆ ಸ್ಥಳದಲ್ಲಿ ಕಂಡದ್ದಕ್ಕೆ ಸಹಿ ಹಾಕುವ ಊರಿನ ಸಾಕ್ಷಿಗಳು, ಆ ಕಾಗದವೇ ಪಂಚನಾಮೆ. ಸ್ಥಳ ಪಂಚನಾಮೆ ಬೆಳಿಗ್ಗೆ ಹತ್ತಕ್ಕೆ ಅಂತ ಬರೆದಿದ್ದರು. ಅದೇ ಪಂಚನ ಸಹಿ ಇನ್ನೊಂದು ಪಂಚನಾಮೆಯಲ್ಲೂ ಇತ್ತು, ಹತ್ತೂಕಾಲಿಗೆ, ಹನ್ನೆರಡು ಕಿಲೋಮೀಟರ್ ದೂರದ ಹಳ್ಳಿಯಲ್ಲಿ. ಆರೋಪಿ ಪರ ವಕೀಲರು ಎರಡು ಕಾಗದ ಜೊತೆಗಿಟ್ಟು ಒಂದೇ ಪ್ರಶ್ನೆ ಕೇಳಿದರು. ಪಂಚ ಬೆವರಿದ. ಸಂಶಯದ ಲಾಭ ಆರೋಪಿಗೆ ಹೋಯಿತು. ಸತ್ತವನ ತಂದೆ ಹೊರಗೆ ಬಂದು ನನ್ನ ಕೈ ಹಿಡಿದು ಕೇಳಿದ, "ಸಾಹೇಬ್ರೆ, ಹದಿನೈದು ನಿಮಿಷಕ್ಕೆ ನಮ್ಮ ಹುಡುಗ ಹೋದನಾ?" ಅದನ್ನು ಬರೆದವನು ನಾನಲ್ಲ. ಆದರೆ ಅವತ್ತಿನಿಂದ ಪೆನ್ನು ಎತ್ತುವ ಮೊದಲು ಗಡಿಯಾರ ನೋಡುವುದು ನನಗೆ ಅಭ್ಯಾಸ ಆಯಿತು.

ಈಗ ಹೊಸ ಕಾನೂನಿನಲ್ಲಿ ಶೋಧನೆ, ಜಪ್ತಿ ಮಾಡುವಾಗ ವಿಡಿಯೋ ಮಾಡಬೇಕು ಅಂತ ಬಂದಿದೆ. ಒಳ್ಳೆಯದು. ಏಳು ವರ್ಷ ಮತ್ತು ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧ ಆದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು ಅಂತಲೂ ಇದೆ. ಅದನ್ನು ಜಾರಿ ಮಾಡಲು ರಾಜ್ಯಗಳಿಗೆ ಐದು ವರ್ಷ ಕೊಟ್ಟಿದ್ದಾರೆ. ಟಿವಿಯವರು ತೋರಿಸಬೇಕಾದ್ದು ಇದನ್ನು.

ಹಮಾಲಿ ತಮ್ಮಾ, ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ನಿನ್ನ ಕೇಸಿನ ಮೂರನೇ ಸಾಕ್ಷಿ ಉಲ್ಟಾ ಹೊಡೆದಿಲ್ಲ ಅಂತ ಬರೆದಿದ್ದೀಯ. ಅವನು ಯಾರು? ಅವನ ಬಗ್ಗೆ ಹೇಳು.

ಹಮಾಲಿ, ಕಲಬುರಗಿ:

ಮುದುಕಿ, ಕಾಕಾ. ಎಪ್ಪತ್ತು ದಾಟಿದೆ. ಆ ಹೊಲದ ಪಕ್ಕ ಆಡು ಮೇಯಿಸುತ್ತಿದ್ದಳು. ಊರಲ್ಲಿ ಅವಳ ಜೊತೆ ಎಷ್ಟೋ ಜನ ಮಾತು ಬಿಟ್ಟರು. ಆದರೂ ಕಂಡದ್ದನ್ನು ಕಂಡಂತೆ ಹೇಳಿದಳು. ಯಾಕಮ್ಮ ಅಂತ ನಾನು ಕೇಳಿದೆ. "ಕಣ್ಣು ಇನ್ನೂ ಇದಾವಲ್ಲ" ಅಂದಳು.

ಎರಡನೇಪ್ರತಿ, ಬೆಂಗಳೂರು (ಊರು ಆಳಂದ):

ಅಣ್ಣಾ, ಇವಳೇ. ನೀವು ಕೇಳಿದ ಆ ಜಾಗದಲ್ಲಿ ನಿಲ್ಲಬೇಕಾದವಳು ಇವಳೇ. ಕೊನೆಯ ದೃಶ್ಯದಲ್ಲಿ ಮಾಡಿದವನು ಬಾಯಿ ಬಿಡಬೇಕಾಗಿಲ್ಲ. ಕಂಡವಳು ಬಾಯಿ ಬಿಡಲಿ. ಫ್ಲ್ಯಾಶ್‌ಬ್ಯಾಕ್ ಬೇಕೇ ಬೇಕು ಅಂದರೆ ಅವಳ ಕಣ್ಣಿನಿಂದ ತೋರಿಸಿ.

ಶಹಾಪುರದ ಟೀಚರ್, ಶಹಾಪುರ:

ನಿನ್ನೆಯಿಂದ ಓದುತ್ತಿದ್ದೇನೆ. ಆ ಅಜ್ಜಿಯ ಮಾತು ಓದಿದ ಮೇಲೆ ನಾನೂ ಬರೆಯಬೇಕು ಅನ್ನಿಸಿತು.

ನಮ್ಮ ಅಪ್ಪ ಒಂದು ಕಥೆ ಹೇಳುತ್ತಿದ್ದರು. 1975ರ ಆಗಸ್ಟಿನಲ್ಲಿ ದೇಶದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಉಪಗ್ರಹದಿಂದ ಟಿವಿ ತೋರಿಸುವ ಪ್ರಯೋಗ ಶುರುವಾಯಿತು. ಸೈಟ್ ಅಂತ ಅದರ ಹೆಸರು. ಕರ್ನಾಟಕದಲ್ಲಿ ಆರಿಸಿದ್ದು ನಮ್ಮ ಕಡೆಯ ಜಿಲ್ಲೆಗಳನ್ನೇ: ಆಗಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ. ಕೋಳಿ ಬಲೆಯಂಥ ತಂತಿಯ ದೊಡ್ಡ ಬುಟ್ಟಿಯನ್ನು ಆಕಾಶಕ್ಕೆ ಮುಖ ಮಾಡಿ ಇಡುತ್ತಿದ್ದರು. ಸಂಜೆ ಊರೆಲ್ಲ ನೆಲದ ಮೇಲೆ ಕೂತು ನೋಡುತ್ತಿತ್ತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅಂದರೆ ರಾಜಧಾನಿಗಿಂತ ಆರು ವರ್ಷ ಮೊದಲು ನಮ್ಮ ಹಳ್ಳಿಯವರು ಟಿವಿ ನೋಡಿದರು.

ಇಷ್ಟು ವರ್ಷ ನೋಡಿದ್ದೇವೆ. ನಮ್ಮನ್ನು ಟಿವಿ ಹೇಗೆ ನೋಡಿದೆ? ಕ್ರೈಂ ಕಾರ್ಯಕ್ರಮದಲ್ಲಿ ನಮ್ಮ ಭಾಷೆ ಕೇಳಿಸಿತು ಅಂದರೆ ನನಗೆ ಗೊತ್ತಾಗಿಬಿಡುತ್ತದೆ, ರೌಡಿ ಬಂದ ಅಥವಾ ನಗಿಸುವವನು ಬಂದ. ಇನ್‌ಸ್ಪೆಕ್ಟರು ಮೈಸೂರು ಕಡೆಯ ಕನ್ನಡ ಮಾತಾಡುತ್ತಾರೆ, ಕೊಡಲಿ ಹಿಡಿದವನು ನಮ್ಮ ಕನ್ನಡ. "ಭೀಮಾ ತೀರದ ಹಂತಕರು" ಅನ್ನುವ ಮಾತನ್ನು ಎಷ್ಟು ಸಲ ಕೇಳಿದ್ದೇವೆ. ಭೀಮೆಯ ದಡದಲ್ಲಿ ಕಬ್ಬು ಬೆಳೆಯುವವರು, ಗಾಣಗಾಪುರಕ್ಕೆ ಬಂದು ಸಂಗಮದಲ್ಲಿ ಮುಳುಗೇಳುವವರು, ಶಾಲೆಗೆ ನಡೆದು ಬರುವ ನನ್ನ ಮಕ್ಕಳು, ಇವರು ಯಾರೂ ಆ ತೀರದಲ್ಲಿ ಇಲ್ಲವೇ? ಒಬ್ಬ ಹುಡುಗ ಬೆಂಗಳೂರಿನ ಕಾಲೇಜಿಗೆ ಹೋದ. ಮೊದಲ ದಿನವೇ ಊರು ಕೇಳಿ "ಓ, ಭೀಮಾ ತೀರ" ಅಂತ ಅಂದರಂತೆ. ಅವನು ಫೋನು ಮಾಡಿ ನನಗೆ ಹೇಳಿದ. ಇದು ಬರೀ ಕಥೆಯ ರೂಢಿ ಅಲ್ಲ, ಅವನ ಮೈಗೆ ಅಂಟಿದ್ದು.

ಇನ್ನೊಂದು. ಕಂತಿನ ಶುರುವಿನಲ್ಲಿ ಸತ್ತು ಬಿದ್ದಿರುವುದು ಯಾವಾಗಲೂ ಒಬ್ಬ ಹುಡುಗಿ. ಕ್ಯಾಮೆರಾ ಕಾಲಿನಿಂದ ಮೇಲಕ್ಕೆ ಹೋಗುತ್ತದೆ. ಆಮೇಲೆ ಅವಳು ಯಾರ ಜೊತೆ ಮಾತಾಡುತ್ತಿದ್ದಳು, ಎಷ್ಟು ಹೊತ್ತಿಗೆ ಮನೆಗೆ ಬರುತ್ತಿದ್ದಳು ಅಂತ ಮುಕ್ಕಾಲು ಗಂಟೆ ತನಿಖೆ. ಕೊಂದವನಿಗಿಂತ ಸತ್ತವಳ ವಿಚಾರಣೆಯೇ ಜಾಸ್ತಿ. ಅವಳಿಗೆ ಯಾವ ಹಾಡು ಇಷ್ಟ, ಅವಳು ಯಾರಿಗೆ ಪಾಠ ಹೇಳಿಕೊಡುತ್ತಿದ್ದಳು, ಯಾರೂ ಕೇಳುವುದಿಲ್ಲ.

2007ರಲ್ಲಿ ಡೆನ್ಮಾರ್ಕಿನಲ್ಲಿ ಫೋರ್‌ಬ್ರುಡೆಲ್ಸನ್ ಅಂತ ಒಂದು ಸರಣಿ ಬಂತು. ಒಂದೇ ಕೊಲೆ, 20 ಕಂತು, ಒಂದು ಕಂತಿಗೆ ತನಿಖೆಯ ಒಂದು ದಿನ. ಅದರಲ್ಲಿ ಸತ್ತ ಹುಡುಗಿಯ ಅಪ್ಪ ಅಮ್ಮನಿಗೆ ಪೊಲೀಸರಷ್ಟೇ ಜಾಗ ಕೊಟ್ಟಿದ್ದಾರೆ. ಅಡುಗೆಮನೆ, ಊಟದ ಮೇಜು, ಅಂತ್ಯಕ್ರಿಯೆಯ ಖರ್ಚು. ಹಮಾಲಿ ಅಣ್ಣನ ಅವ್ವನಂಥವರು ಅಲ್ಲಿ ಕಥೆಯ ನಡುವೆ ಕೂತಿದ್ದಾರೆ.

ಶವಾಗಾರದದೀಪ, ಬೀದರ್:

ಅಕ್ಕಾ, ನೂರಕ್ಕೆ ನೂರು. ಮೇಜಿನ ಮೇಲೆ ಬರುವ ಪ್ರತಿಯೊಬ್ಬರ ಜೇಬಿನಲ್ಲೂ ಏನಾದರೂ ಇರುತ್ತದೆ. ಬಸ್ ಟಿಕೆಟ್, ರೇಷನ್ ಚೀಟಿ, ಮಗುವಿನ ಫೋಟೋ. ಅದನ್ನು ಬರೆದುಕೊಳ್ಳುವಾಗ ನನ್ನ ಕೈ ನಿಧಾನ ಆಗುತ್ತದೆ.

ಎರಡನೇಪ್ರತಿ, ಬೆಂಗಳೂರು (ಊರು ಆಳಂದ):

ಟೀಚರ್, ಆ ರೌಡಿಯ ಸಂಭಾಷಣೆಗಳನ್ನು ಬರೆದವರಲ್ಲಿ ನಾನೂ ಒಬ್ಬ. "ನಿಮ್ಮ ಕಡೆ ಭಾಷೆ ಹಾಕು, ಖಡಕ್ ಇರುತ್ತದೆ" ಅನ್ನುತ್ತಿದ್ದರು. ನಾನು ಹಾಕಿದೆ. ನಮ್ಮ ಅಮ್ಮ ಆಳಂದದಲ್ಲಿ ಕೂತು ಅದನ್ನು ನೋಡಿದಳು. ಏನೂ ಅನ್ನಲಿಲ್ಲ. ಅದಕ್ಕೆ ಕ್ಷಮೆ ಕೇಳುತ್ತೇನೆ.

ತಪ್ಪೊಪ್ಪಿಗೆ ಇಲ್ಲದೆಯೂ ಕುತೂಹಲ ಉಳಿಸಬಹುದು ಅನ್ನುವುದಕ್ಕೆ ಒಂದು ದಾರಿ ಹೇಳಲಾ? ಕೊಲಂಬೊ ಅಂತ ಅಮೆರಿಕದ ಪತ್ತೇದಾರಿ ಸರಣಿ. ಪತ್ತೇದಾರ ಕೊಲಂಬೊ ಆಗಿ ಪೀಟರ್ ಫಾಕ್ ನಟಿಸಿದ್ದು, 1971ರಿಂದ ಸರಣಿಯಾಗಿ ಬಂತು. ಅದರಲ್ಲಿ ಕೊಲೆಗಾರ ಯಾರು ಅಂತ ಶುರುವಿನಲ್ಲೇ ತೋರಿಸಿಬಿಡುತ್ತಾರೆ. ಮುಂದೆ ಉಳಿಯುವುದು ಒಂದೇ ಪ್ರಶ್ನೆ, ಇವನನ್ನು ಹೇಗೆ ಹಿಡಿಯುತ್ತಾರೆ ಅಂತ. ಕೊಲಂಬೊ ಕೈ ಎತ್ತುವುದಿಲ್ಲ. ಹೊರಟವನು ಬಾಗಿಲಲ್ಲಿ ನಿಂತು ಇನ್ನೊಂದು ಪ್ರಶ್ನೆ ಕೇಳುತ್ತಾನೆ. ಒಂದು ಸಣ್ಣ ವಸ್ತು, ಒಂದು ಸಣ್ಣ ಹೊತ್ತು, ಅದರಲ್ಲೇ ಸಿಕ್ಕಿಸುತ್ತಾನೆ.

ಹಮಾಲಿ ಅಣ್ಣನ ಊರಿನ ಕಥೆಯೂ ಹಾಗೇ ಅಲ್ವಾ? ಯಾರು ಅಂತ ಎಲ್ಲರಿಗೂ ಮೊದಲೇ ಗೊತ್ತು. ರುಜುವಾತು ಮಾಡುವುದೇ ಕಥೆ. ನಮ್ಮ ಹಳ್ಳಿಗಳ ಜಾಸ್ತಿ ಕೇಸು ಹೀಗೇ ಇರುತ್ತವೆ. "ಯಾರು" ಅನ್ನುವ ರೂಢಿ ಊರು ತುಂಬ ಅಪರಿಚಿತರಿರುವ ನಗರದ್ದು. ನಮಗೆ "ಯಾರು ಹೇಳುತ್ತಾರೆ" ಅನ್ನುವುದು ಬೇಕು.

ತೊಗರಿಹೊಲ, ಕಲಬುರಗಿ:

ಈ ಕೊನೆಯ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಹಾಗಾದರೆ ನಾವೇ ಒಂದು ಕಂತು ಬರೆಯೋಣವಾ? ಇಲ್ಲಿಯೇ, ಎಲ್ಲರೂ ಸೇರಿ. ಜನವರಿ, ತೊಗರಿ ರಾಶಿಯ ಕಾಲ. ಒಂದು ಹಳ್ಳಿ, ಒಂದು ಸಾವು, ಒಬ್ಬ ಠಾಣೆ ರೈಟರ್. ಏಟು ಇಲ್ಲ. ತಪ್ಪೊಪ್ಪಿಗೆ ಇಲ್ಲ. ಎಲ್ಲರೂ ನಮ್ಮ ಕನ್ನಡವನ್ನೇ ಮಾತಾಡುತ್ತಾರೆ, ಪೊಲೀಸರೂ, ಜಡ್ಜೂ. ಮೊದಲ ದೃಶ್ಯ ಯಾವುದಿರಲಿ?

ನಿವೃತ್ತ ರೈಟರ್, ಯಾದಗಿರಿ:

ಮೊದಲ ದೃಶ್ಯ ಪಂಚರನ್ನು ಹುಡುಕುವುದು. ಬರೆದುಕೋ.

ಬೆಳಿಗ್ಗೆ ಆರೂವರೆ. ದೇಹ ಹೊಲದಲ್ಲಿದೆ, ಮೇಲೆ ಒಂದು ಚಾದರ. ಮಂಜು ಇನ್ನೂ ಬಿಟ್ಟಿಲ್ಲ. ಪಿಎಸ್‌ಐ ಹೊಸ ಹುಡುಗ, "ಇಬ್ಬರು ಪಂಚರನ್ನು ಕರೆಯಿರಿ" ಅನ್ನುತ್ತಾನೆ. ಊರೆಲ್ಲ ನಿಂತಿದೆ, ನೂರು ಜನ. ಪಂಚರು ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ ಐವತ್ತು ಜನ ಆಗುತ್ತಾರೆ. ರೈಟರ್ ಹತ್ತಿರ ಬಂದರೆ ಇಪ್ಪತ್ತು. ಒಬ್ಬನಿಗೆ ಎತ್ತು ಕಟ್ಟಬೇಕಿದೆ, ಒಬ್ಬನಿಗೆ ಬಸ್ಸಿಗೆ ಹೊತ್ತಾಗಿದೆ. ರೈಟರ್ ರಸ್ತೆಗೆ ಬಂದು ಚಹಾ ಅಂಗಡಿಯವನನ್ನು ಕೇಳುತ್ತಾನೆ. ಅವನು ಒಲೆಯಿಂದ ತಲೆ ಎತ್ತದೆ ಹೇಳುತ್ತಾನೆ, "ಸಾಹೇಬ್ರೆ, ಹೋದ ಸಲ ಒಂದು ಸಹಿ ಮಾಡಿದೆ. ಆರು ಸಲ ಕೋರ್ಟಿಗೆ ಕರೆಸಿದರು. ಆರು ದಿನ ಒಲೆ ಆರಿತ್ತು. ಚಹಾ ಎಷ್ಟು ಬೇಕಾದರೂ ಕುಡಿಯಿರಿ, ದುಡ್ಡು ಬೇಡ. ಸಹಿ ಮಾತ್ರ ಕೇಳಬೇಡಿ."

ಇದು ನಾನು ಕಟ್ಟಿದ್ದಲ್ಲ. ನನಗೇ ಒಬ್ಬ ಹೇಳಿದ್ದು.

ತೊಗರಿಹೊಲ, ಕಲಬುರಗಿ:

ಕಾಕಾ, ಅವನ ಮಾತು ಹಾಗೇ ಇಟ್ಟುಕೊಳ್ಳಲಾ?

ನಿವೃತ್ತ ರೈಟರ್, ಯಾದಗಿರಿ:

ಇಟ್ಟುಕೋ. ಊರಿನ ಹೆಸರು ಹಾಕಬೇಡ. ಆಮೇಲೆ ಎರಡನೇ ಸಲ ಕೇಳಿದಾಗ ಅವನು ಒಲೆ ಆರಿಸಿ ನನ್ನ ಜೊತೆ ಬಂದ. ಅದನ್ನೂ ಬರೆ. ಹೊತ್ತು ಏಳೂ ಹತ್ತು.

ಹಮಾಲಿ, ಕಲಬುರಗಿ:

ಹೊಲದ ಬದುವಿನಲ್ಲಿ ಆಡು ಮೇಯಿಸುವ ಅಜ್ಜಿಯನ್ನು ಈ ದೃಶ್ಯದಲ್ಲೇ ದೂರದಲ್ಲಿ ತೋರಿಸಿ. ಮಾತು ಬೇಡ. ಸುಮ್ನೆ ನಿಂತಿರಲಿ.